ವೀರನ ಎಡಗೈ

"ಈ ಸಲ ಕೈ ಬರೆದೇ ಬರೀತೀನಿ" ಎಂದು ಶಿಯೋಮಿ ಟೊಕುಜೊ ಬೆಳಗಿನ ಊಟದ ಮುಂದೆ ಘೋಷಿಸಿದ. ಇಂಥ ಶಪಥಗಳನ್ನು ಮಹಾಪುರುಷರು ಕುದುರೆಯ ಮೇಲೆ ಕೂತು ಮಾಡುತ್ತಾರೆ. ಟೊಕುಜೊ ಪೈಜಾಮದಲ್ಲಿದ್ದ, ಗಡ್ಡಕ್ಕೆ ಒಂದು ಅನ್ನದ ಅಗುಳು ಅಂಟಿತ್ತು.

"ಯಾರ ಕೈ?" ಎಂದಳು ಹೆಂಡತಿ ಕಿನುಯೊ.

"ವೀರನದು."

"ಅವನಿಗೆ ಕೈ ಇದ್ಯಾ?"

ಈ ಪ್ರಶ್ನೆಯಲ್ಲಿ ನ್ಯಾಯವಿತ್ತು. 'ಬೆಳ್ಳಿಗರಿ' ಎಂಬ ವಿಡಿಯೋ ಗೇಮಿನ ಹೊಸ ಭಾಗ ಬಂದಾಗಲೆಲ್ಲ ಡಬ್ಬದ ಮೇಲಿನ ಚಿತ್ರ ಟೊಕುಜೊನದೇ. ತಲೆಗೂದಲು ಕಪ್ಪಗಿದ್ದ ಕಾಲದಿಂದ ಅವನೇ ಬರೆಯುತ್ತ ಬಂದಿದ್ದ. ವೀರನ ಕಣ್ಣಿನ ಕಿಚ್ಚು, ಗಾಳಿಗೆ ಹಾರುವ ಮೇಲುಹೊದಿಕೆ, ಹಿಂದಿನ ಬೆಟ್ಟದ ಬಣ್ಣ, ಎಲ್ಲಕ್ಕೂ ಜಪಾನಿನ ತುಂಬ ಅಭಿಮಾನಿಗಳು. ವೀರನ ಬಲಗೈ ಸದಾ ಕಬ್ಬಿಣದ ಕವಚದೊಳಗೆ ಕತ್ತಿ ಹಿಡಿದಿರುತ್ತಿತ್ತು. ಅದನ್ನು ಬರೆಯುವುದೂ ಒಂದೇ, ಬಕೆಟ್ ಬರೆಯುವುದೂ ಒಂದೇ. ಎಡಗೈಯನ್ನು ಮಾತ್ರ ಇದುವರೆಗೆ ಯಾರೂ ಕಂಡಿರಲಿಲ್ಲ. ಮೊದಲ ಭಾಗದಲ್ಲಿ ಅದು ಹೊದಿಕೆಯ ಹಿಂದಿತ್ತು, ಎರಡನೆಯದರಲ್ಲಿ ಗುರಾಣಿಯ ಹಿಂದೆ. ಆಮೇಲೆ ಡ್ರ್ಯಾಗನ್ ಹೊಗೆ, ಹಿಮದ ರಾಶಿ, ರಾಜಕುಮಾರಿಯ ಜಡೆ, ಒಮ್ಮೆಯಂತೂ ಕಾರಣವೇ ಇಲ್ಲದೆ ಒಂದು ದೊಡ್ಡ ಹಕ್ಕಿ. ಆ ಕೈಗೆ ಶಾಪವಿದೆ ಎಂದು ಅಭಿಮಾನಿಗಳು ಅಂತರ್ಜಾಲದಲ್ಲಿ ವಾದಿಸುತ್ತಿದ್ದರು. ಕ್ಯೂಶುವಿನ ಒಬ್ಬ ಉಪನ್ಯಾಸಕರು ಅದರ ಮೇಲೆ ದೀರ್ಘ ಪ್ರಬಂಧವನ್ನೇ ಬರೆದಿದ್ದರು.

ನಿಜ ಗೊತ್ತಿದ್ದದ್ದು ಕಿನುಯೊ ಒಬ್ಬಳಿಗೆ. ಟೊಕುಜೊನಿಗೆ ಬೆರಳು ಬರೆಯಲು ಬರುತ್ತಿರಲಿಲ್ಲ. ಬರೆದರೆ ಮೂಲಂಗಿ ಕಟ್ಟಿನಂತೆ ಕಾಣುತ್ತಿತ್ತು.

ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಗುಟ್ಟಿಗೆ ಕಂಪನಿಗೆ ಹೊಸದಾಗಿ ಬಂದ ನಿರ್ದೇಶಕಿ ಹತಾನೊ ಕಂಟಕವಾದಳು. ಹಳೆಯ ಡಬ್ಬಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಮೇಷ್ಟ್ರೇ, ಈ ಸಲ ವೀರ ನಮ್ಮ ಕಡೆಗೆ ಎಡಗೈ ಚಾಚಿರ್ಬೇಕು. ಅಂಗೈ ಪೂರ್ತಿ ಕಾಣ್ಬೇಕು. ಕಷ್ಟ ಆದ್ರೆ ಮುಚ್ಚುಮರೆ ಬೇಡ, ಕಂಪ್ಯೂಟರಲ್ಲಿ ಮಾಡೋರು ಬೇಕಾದಷ್ಟು ಜನ ಇದ್ದಾರೆ" ಎಂದಿದ್ದಳು. ಮಾತು ಬಹಳ ವಿನಯದ್ದೇ. ಕೇಳಿದಾಗಿನಿಂದ ಟೊಕುಜೊನಿಗೆ ನಿದ್ದೆಯಿರಲಿಲ್ಲ. ಈ ವಯಸ್ಸಿನಲ್ಲಿ ವೀರ ಕೈಬಿಟ್ಟರೆ ಮುಂದೆ ಯಾರನ್ನು ಬರೆಯುವುದು?

ಅದಕ್ಕೇ ಈ ಉಪಾಯ. ತನ್ನ ಎಡಗೈಯನ್ನೇ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಎದುರಿಗಿಟ್ಟುಕೊಂಡರೆ ಆಯಿತು. ನೋಡಿ ಬರೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕಿನುಯೊ ಹಾಡಿನ ತಂಡದ ಅಭ್ಯಾಸಕ್ಕೆಂದು ಹೊರಟ ಕೂಡಲೇ ಅಡುಗೆಮನೆಗೆ ಇಳಿದ. ಬೇಸಿನ್ ಆಳ ಸಾಲಲಿಲ್ಲ, ಅನ್ನದ ಪಾತ್ರೆಯ ಬಾಯಿ ಅಗಲವಾಯಿತು. ಕೈಯ ಅಳತೆಗೆ ಹೇಳಿ ಮಾಡಿಸಿದಂತಿದ್ದದ್ದು ಮೂಲೆಯಲ್ಲಿದ್ದ ಉಪ್ಪಿನಕಾಯಿ ಜಾಡಿ. ಅದರ ತುಂಬ ಉಪ್ಪು ಬೆರೆಸಿ ಹುಳಿ ಬರಿಸಿದ ಅಕ್ಕಿ ತೌಡು. ಕಿನುಯೊ ದಿನಾ ಅದಕ್ಕೆ ಕೈಹಾಕಿ ಕಲಸಿ, ಸೌತೆ, ಬದನೆ ಹೂತಿಡುತ್ತಿದ್ದಳು. ಟೊಕುಜೊ ತೌಡನ್ನು ಒಂದು ಬಕೆಟ್ಟಿಗೆ ಸುರಿದ, ಜಾಡಿಯಲ್ಲಿ ಪ್ಲಾಸ್ಟರ್ ಕಲಸಿದ, ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಟ್ಟು, ಬೆರಳುಗಳನ್ನು ವೀರಾವೇಶದಿಂದ ಅಗಲಿಸಿ ಕೈ ಇಳಿಸಿದ.

ಪ್ಲಾಸ್ಟರ್ ನಿಧಾನವಾಗಿ ಬೆಚ್ಚಗಾಯಿತು. ಬಿಸಿನೀರಿನ ಬುಗ್ಗೆಯಲ್ಲಿ ಕೂತಂತೆ ಹಿತವಾಗಿತ್ತು. ಕಣ್ಣು ಮುಚ್ಚಿ ಡಬ್ಬದ ಚಿತ್ರವನ್ನು ಕಲ್ಪಿಸಿಕೊಂಡ. ಕಣ್ಣು ತೆರೆದು ಎಳೆದಾಗ ಜಾಡಿಯೂ ಜೊತೆಗೆ ಬಂತು. ತಿರುಗಿಸಿದ, ಕುಕ್ಕಿದ, ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಜಗ್ಗಿದ. ಪರಿಸ್ಥಿತಿ ಕೈಮೀರಿತ್ತು, ಕೈ ಮಾತ್ರ ಜಾಡಿ ಮೀರಿರಲಿಲ್ಲ.

ಆಗ ಬಾಗಿಲ ಗಂಟೆ ಸದ್ದಾಯಿತು. ಪಕ್ಕದ ಮನೆಯ ಓಗಾತಜ್ಜಿ, ಬೀದಿಯವರೆಲ್ಲ ಓದಿ ದಾಟಿಸುವ ಸೂಚನೆಯ ಹಲಗೆ ಹಿಡಿದು ನಿಂತಿದ್ದರು. ಹಲಗೆಯನ್ನು ಎರಡೂ ಕೈಯಿಂದ ತೆಗೆದುಕೊಳ್ಳುವುದು ಮರ್ಯಾದೆ. ಟೊಕುಜೊ ಒಂದು ಕೈ ಮತ್ತು ಒಂದು ಜಾಡಿ ಮುಂದೆ ಮಾಡಿದ.

"ಕಿನುಯೊ ಜಾಡಿ ಅಲ್ವೇನಪ್ಪಾ ಅದು?" ಎಂದರು ಅಜ್ಜಿ.

"ಹೌದಜ್ಜಿ. ತೌಡು ಕಲಸ್ತಾ ಇದ್ದೆ."

"ನೀನು? ಕಲಸ್ತಾ ಇದ್ಯಾ?" ಅಜ್ಜಿ ಜಾಡಿಯೊಳಗೆ ಬಗ್ಗಿ ನೋಡಿ, ಬೆರಳಿನಿಂದ ತಟ್ಟಿ, "ತೌಡು ಚೆನ್ನಾಗಿ ಗಟ್ಟಿಯಾಗಿದೆ" ಎಂದು ಹೇಳಿ ಹೋದರು.

ಅವರ ಹಿಂದೆಯೇ ಕಿನುಯೊ ಬಂದಳು. ಹಾಡಿಸುವವರಿಗೆ ಗಂಟಲು ಕಟ್ಟಿ ಅಭ್ಯಾಸ ನಿಂತುಹೋಗಿತ್ತಂತೆ. ಅವಳು ಗಂಡನನ್ನು ನೋಡಿದಳು, ಜಾಡಿಯನ್ನು ನೋಡಿದಳು, ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಬೈಬೇಡ ಕಣೇ. ನಿಮ್ಮಜ್ಜಿ ಜಾಡಿ ಅಂತ ಗೊತ್ತು."

"ಜಾಡಿ ಹಾಳಾಗ್ಲಿ, ಅಂಗಡೀಲಿ ಸಿಗುತ್ತೆ. ತೌಡು ಎಲ್ಲಿ?"

"ಜೋಪಾನವಾಗಿ ತೆಗೆದಿಟ್ಟಿದೀನಿ. ಬಕೆಟ್‌ನಲ್ಲಿ."

"ಯಾವ ಬಕೆಟ್?"

ಟೊಕುಜೊ ಉತ್ತರ ಕೊಡುವ ಮೊದಲೇ ಅವಳು ಅಡುಗೆಮನೆಯಲ್ಲಿದ್ದಳು. ಅದು ಅವನು ಕುಂಚ ತೊಳೆಯುವ ಬಕೆಟ್. ತೌಡು ಕಡಲಿನ ಹಾಗೆ ನೀಲಿಯಾಗಿತ್ತು, ಟರ್ಪೆಂಟೈನ್ ವಾಸನೆ ಬೇರೆ. ಅವಳ ಅಜ್ಜಿ ಹುಳಿ ಬರಿಸಿದ ತೌಡು ಅದು. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ಅವಳು ಒಂದು ದಿನ ತಪ್ಪದೆ ಕಲಸಿ ಜೀವಂತ ಇಟ್ಟುಕೊಂಡದ್ದು. ಕಿನುಯೊ ಬಯ್ಯಲಿಲ್ಲ. ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಟೊಕುಜೊ. ಅವಳ ಬೆನ್ನು ಸವರೋಣವೆಂದು ಕೈ ಎತ್ತಿದ. ಜಾಡಿ ಬೆನ್ನಿಗೆ ಬಡಿಯಿತು.

"ಅದೂ ಬೇರೆ" ಎಂದಳು ಕಿನುಯೊ.

ಅಷ್ಟರಲ್ಲಿ ಫೋನು. ಹತಾನೊ, ಅದೂ ಮುಖ ಕಾಣುವ ಕರೆ. ಟೊಕುಜೊ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರೂ ಕಿನುಯೊ ಫೋನನ್ನು ನೇರ ಅವನ ಕಡೆಗೆ ತಿರುಗಿಸಿದಳು.

"ಮೇಷ್ಟ್ರೇ, ಕೈ ಎಲ್ಲಿಗೆ ಬಂತು?"

"ಒಳಗಿದೆ" ಎಂದಳು ಕಿನುಯೊ. "ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಈಗ ನಾನೇ ಹೇಳ್ತೀನಿ ಕೇಳಿ. ಇವರಿಗೆ ಬೆರಳು ಬರೆಯೋಕೆ ಬರಲ್ಲ."

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ ಎನ್ನಿಸಿತು ಟೊಕುಜೊನಿಗೆ. ಇಲ್ಲಿ ಕೈಯನ್ನೂ ತೋರಿಸಿರಲಿಲ್ಲ. ಅವನು ತಲೆ ತಗ್ಗಿಸಿ ನಿಂತ.

"ಮೇಷ್ಟ್ರೇ, ಅಲ್ಲಾಡ್ಬೇಡಿ" ಎಂದಳು ಹತಾನೊ. "ಶಾಪದ ಜಾಡಿಯೊಳಗೆ ಸಿಕ್ಕಿಕೊಂಡ ಕೈ! ಅಮ್ಮಾ, ಒಂದೆರಡು ಫೋಟೋ ತೆಗೀರಿ. ಜಾಡಿ ಮೇಲಕ್ಕೆತ್ತಲಿ. ಮುಖದಲ್ಲಿ ಈಗಿರೋ ದುಃಖ ಹಾಗೇ ಇರ್ಲಿ."

ಫೋಟೋ ತೆಗೆದ ಮೇಲೆ ಕಿನುಯೊ ಸುತ್ತಿಗೆ ತಂದಳು. ಗುರಿಯಿಟ್ಟು ಹೊಡೆಯುವುದಕ್ಕೆ ಅವಳು ತೆಗೆದುಕೊಂಡ ಸಮಯ ಟೊಕುಜೊನಿಗೆ ಅಗತ್ಯಕ್ಕಿಂತ ಹೆಚ್ಚೆನಿಸಿತು. ಜಾಡಿ ಒಡೆಯಿತು, ಪ್ಲಾಸ್ಟರ್ ಬಿರಿಯಿತು, ಕೈ ಕೆಂಪಗೆ ಹೊರಬಂತು. ಅಚ್ಚು ಮಾತ್ರ ಪುಡಿಪುಡಿ.

ಸಂಜೆ ಓಗಾತಜ್ಜಿ ಮುಚ್ಚಳವಿದ್ದ ಬಟ್ಟಲು ಹಿಡಿದು ಮತ್ತೆ ಬಂದರು. "ನಿಮ್ಮಮ್ಮ ಒಂದು ಸಲ ನಂಗೆ ಹಿಡಿಯಷ್ಟು ತೌಡು ಕೊಟ್ಟಿದ್ರು. ಅದರದ್ದೇ ಸಂತಾನ ಇದು. ತಗೋ" ಎಂದರು. ಕಿನುಯೊ ಮೂಸಿ ನೋಡಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಬಹಳ ಹೊತ್ತು ಬಾಗಿ ನಿಂತಳು. ಅಂದು ಮೊದಲ ಸಲ ಟೊಕುಜೊ ಕೂಡ ಅವಳ ಪಕ್ಕದಲ್ಲಿ ಅಷ್ಟೇ ಬಾಗಿದ.

ಹೊಸ ಭಾಗ ಬಿಡುಗಡೆಯಾಯಿತು. ಡಬ್ಬದ ಮೇಲೆ ವೀರ ಜಾಡಿ ಎತ್ತಿ ನಿಂತಿದ್ದ, ಮುಖದಲ್ಲಿ ಆಳವಾದ ನೋವು. ಕ್ಯೂಶುವಿನ ಉಪನ್ಯಾಸಕರು 'ನಾನು ಹೇಳಿರಲಿಲ್ಲವೇ' ಎಂದು ಎರಡನೇ ಪ್ರಬಂಧ ಬರೆದರು. ಅಂಗಡಿಗಳಲ್ಲಿ ಜಾಡಿ ಆಕಾರದ ಕೀಚೈನುಗಳು ಬಂದವು. ಟೊಕುಜೊ ಮತ್ತೆ ಎದೆಯುಬ್ಬಿಸಿ ಓಡಾಡತೊಡಗಿದ.

ಹತಾನೊ ಮತ್ತೆ ಕರೆ ಮಾಡಿದಳು. "ಮೇಷ್ಟ್ರೇ, ಜನಕ್ಕೆ ಜಾಡಿ ಹುಚ್ಚು ಹಿಡಿದಿದೆ. ಮುಂದಿನ ಡಬ್ಬದ ಮೇಲೆ ಜಾಡಿ ಒಂದೇ ಸಾಕು. ವೀರ ಬೇಡ."

ಟೊಕುಜೊನಿಗೆ ಚುಚ್ಚಿದಂತಾಯಿತು. ಆದರೂ ಜಾಡಿಗೆ ಬೆರಳಿರುವುದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು, "ಆಗ್ಲಿ, ಆಗ್ಲಿ" ಎಂದ.

"ಜಾಡಿ ಗಾಳೀಲಿ ತೇಲೋಕಾಗಲ್ಲ, ನೋಡಿ. ಅದನ್ನ ಎರಡು ಕೈ ಎತ್ತಿ ಹಿಡಿದಿರ್ಲಿ. ಹತ್ತೂ ಬೆರಳು ಕಾಣ್ಬೇಕು."

ಟೊಕುಜೊ ಫೋನಿಟ್ಟು ತಿರುಗಿದಾಗ, ಕಿನುಯೊ ಹೊಸ ಜಾಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ ಹೊರಟೆ?"

"ಓಗಾತಜ್ಜಿ ಮನೆಗೆ. ನಿಮ್ಮ ಚಿತ್ರ ಮುಗಿಯೋ ತನಕ ಇದು ಅಲ್ಲೇ ಇರುತ್ತೆ. ನಾನೂ ಅಲ್ಲೇ ಇರ್ತೀನಿ."