ನಾಲ್ಕನೇ ಸ್ವರ ಮತ್ತು ಐದು ನೆಗ್ಗು

ಒಂದಾನೊಂದು ಊರಿನಲ್ಲಿ ಒಂದು ಸೋಪಿನ ಕಾರ್ಖಾನೆಯಿತ್ತು. ಅಲ್ಲಿ ರಾಜನಿರಲಿಲ್ಲ, ಮ್ಯಾನೇಜರಿದ್ದ. ಮಂತ್ರಿಯಿರಲಿಲ್ಲ, ಮ್ಯಾನೇಜರನ ಬಾಮೈದನಿದ್ದ. ಕಾರ್ಖಾನೆಗೊಂದು ಬ್ಯಾಂಡು, ಬ್ಯಾಂಡಿಗೊಂದು ಟ್ಯೂಬಾ, ಟ್ಯೂಬಾದ ಮೈಮೇಲೆ ಐದು ನೆಗ್ಗು. ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿರುತ್ತದೆ. ಹಗಲು ಸೋಪಿನ ತೂಕ ಬರೆಯುವ, ಬ್ಯಾಂಡಿನಲ್ಲಿ ಆ ಟ್ಯೂಬಾ ಊದುವ ನಮ್ಮ ಗುಮಾಸ್ತನ ಪ್ರಾಣ ಈ ಐದು ನೆಗ್ಗುಗಳಲ್ಲಿತ್ತು.

ಟ್ಯೂಬಾ ಅಂದರೆ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ವಾದ್ಯ. ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪಿಕೊಂಡೇ ಊದಬೇಕು. ದೂರದಿಂದ ನೋಡಿದರೆ ಅವನು ಅದನ್ನು ಊದುತ್ತಿದ್ದಾನೋ, ಅದು ಅವನನ್ನು ನುಂಗುತ್ತಿದೆಯೋ ತಿಳಿಯುವುದಿಲ್ಲ. ಕಾರ್ಖಾನೆಯ ಹಾಡಿನ ಕೊನೆಯಲ್ಲಿ ಉಳಿದ ವಾದ್ಯಗಳೆಲ್ಲ ಬಾಯಿ ಮುಚ್ಚುತ್ತವೆ. ಟ್ಯೂಬಾ ಮಾತ್ರ ನಾಲ್ಕು ಸ್ವರಗಳನ್ನು ಮೆಟ್ಟಿಲಿಳಿದ ಹಾಗೆ ಇಳಿಯಬೇಕು. ಗುಮಾಸ್ತ ಮೂರು ಮೆಟ್ಟಿಲು ನೆಟ್ಟಗೆ ಇಳಿಯುತ್ತಿದ್ದ. ನಾಲ್ಕನೆಯದಕ್ಕೆ ಬಂದಾಗ ಎಮ್ಮೆ ಕೆಸರಿನಿಂದ ಕಾಲು ಕಿತ್ತಂಥ ಸದ್ದು. ಹನ್ನೊಂದು ವರ್ಷದಿಂದ ಅದೇ ಸದ್ದು, ಸದ್ದಿನ ಹಿಂದೆ ಅದೇ ಮಾತು: "ನೆಗ್ಗು ಸಾರ್. ಗಾಳಿ ಅಲ್ಲಿ ಎಡವುತ್ತೆ."

ಅಸಲಿ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಬೇರೆ ಊರಿನ ಬ್ಯಾಂಡು ಬಂದಿತ್ತು. ಅವರೆಲ್ಲ ಊಟಕ್ಕೆ ಎದ್ದಾಗ ಅವರ ಹೊಚ್ಚಹೊಸ ಟ್ಯೂಬಾ ಎತ್ತಿಕೊಂಡು ಗುಮಾಸ್ತ ಗುಟ್ಟಾಗಿ ನಾಲ್ಕು ಸ್ವರ ಊದಿದ್ದ. ಒಂದೂ ನೆಗ್ಗಿಲ್ಲದ ಆ ವಾದ್ಯದಿಂದಲೂ ಅದೇ ಎಮ್ಮೆ ಎದ್ದು ಬಂದಿತ್ತು.

ಹೀಗಿರುವಾಗ ಕಾರ್ಖಾನೆಯ ವಾರ್ಷಿಕೋತ್ಸವದ ಬೆಳಿಗ್ಗೆ ಹೊಸ ಮ್ಯಾನೇಜರು ಅಭ್ಯಾಸ ಕೇಳಲು ಬಂದ. ಎಮ್ಮೆ ಬಂತು. ನೆಗ್ಗಿನ ಮಾತೂ ಬಂತು. ಹಿಂದಿನ ಮ್ಯಾನೇಜರುಗಳೆಲ್ಲ ಪಾಪ ಅಂದು ಹೋಗುತ್ತಿದ್ದರು. ಇವನು ಹಾಗಾದರೆ ತೆಗೆಸಿ ಅಂದುಬಿಟ್ಟ. ರಜೆ ಕೊಟ್ಟ, ಖರ್ಚು ಕಾರ್ಖಾನೆಯದು ಅಂದ. ಬ್ಯಾಂಡ್ ಮೇಷ್ಟ್ರು ಉತ್ಸಾಹದಲ್ಲಿ ಎದೆ ಮುಟ್ಟಿಕೊಂಡು, ಸಂಜೆ ಐದಕ್ಕೆ ನಾಲ್ಕನೇ ಸ್ವರ ಗಾಜಿನ ಹಾಗೆ ಬರುತ್ತದೆ, ಇದು ನನ್ನ ಮಾತು ಅಂದರು.

"ಬರಲಿ," ಅಂದ ಮ್ಯಾನೇಜರು. "ಬರಲಿಲ್ಲ ಅಂದ್ರೆ ನನ್ನ ಬಾಮೈದ ಇದ್ದಾನೆ. ಆ ಟ್ಯೂಬಾ ಕುರ್ಚಿ ಮೇಲೆ ಅವನಿಗೆ ಬಂದ ದಿನದಿಂದ ಕಣ್ಣು."

ಟ್ಯೂಬಾ ಹೆಗಲಿಗೇರಿಸಿ ಹೊರಟ ಗುಮಾಸ್ತನಿಗೆ ತಲೆಯಲ್ಲಿ ಒಂದೇ ಉಪಾಯ. ತಿಳಿದವರು ಯಾರಾದರೂ ಒಬ್ಬರು ನೆಗ್ಗು ತೆಗೆಯಬಾರದು ಅಂದರೆ ಸಾಕು, ನೆಪ ಉಳಿಯುತ್ತದೆ, ನೆಪದ ಜೊತೆ ಕುರ್ಚಿಯೂ ಉಳಿಯುತ್ತದೆ. ಆದರೆ ಹನ್ನೊಂದು ವರ್ಷ ಆ ನೆಗ್ಗುಗಳ ಗೋಳನ್ನು ಊರೆಲ್ಲ ಹಂಚಿದ್ದನಲ್ಲ; ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಬಾಗಿಲಿಗೆ ಬಂದು ಅಂತೂ ತೆಗೆಸ್ತಿದ್ದೀರಾ ಅಂದ. ಹಾಲಿನವನು ಸೈಕಲ್ ನಿಲ್ಲಿಸಿ ಕೈ ಕುಲುಕಿದ. ಮದುವೆ ಗೊತ್ತಾದ ಗಂಡಿಗೂ ಬೀದಿಯಲ್ಲಿ ಇಷ್ಟು ಶುಭಾಶಯ ಸಿಕ್ಕುವುದಿಲ್ಲ.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿದವಳೇ ಎದುರುಮನೆ ಟಿಂಕರ್ ಮಾವನನ್ನು ಕೂಗಿದಳು. ಮಾವ ಮೂವತ್ತು ವರ್ಷ ಬಸ್ಸುಗಳ ನೆಗ್ಗು ತೆಗೆದು ನಿವೃತ್ತನಾದವನು. ಈಗ ನೆಗ್ಗಿದ್ದು ಏನು ಕಂಡರೂ ಅವನ ಕೈ ತುರಿಸುತ್ತಿತ್ತು. ಹಿತ್ತಾಳೆ ಬಹಳ ತೆಳು, ಮುಟ್ಟಿದರೆ ಒಡೆದೇ ಹೋಗುತ್ತದೇನೋ ಎಂದು ಗುಮಾಸ್ತ ಆಸೆಯಿಂದ ಕೇಳಿದ. ಮಾವ ಆಗಲೇ ಪೊರಕೆ ಕೋಲಿನ ತುದಿಗೆ, ಹಳೆಯದು ಅಂತ ಮನೆಯಿಂದ ತಂದ ಸೀರೆ ಸುತ್ತಿ ಉಂಡೆ ಮಾಡಿ, ಟ್ಯೂಬಾದ ಬಾಯಿಯೊಳಗೆ ಭುಜದ ತನಕ ಕೈ ಇಳಿಸಿ, ಹಸುವಿಗೆ ಹೆರಿಗೆ ಮಾಡಿಸುವವನ ಮುಖ ಮಾಡಿಕೊಂಡು ತಿರುಗಿಸಿದ. ಕೋಲು ಹೊರಗೆ ಬಂತು. ಸೀರೆ ಬರಲಿಲ್ಲ.

ಗುಮಾಸ್ತ ಊದಿ ನೋಡಿದ. ಎಮ್ಮೆಯೂ ಇಲ್ಲ, ಕೆಸರೂ ಇಲ್ಲ, ಬರೀ ಉಸ್ ಅನ್ನುವ ಗಾಳಿ. ಹನ್ನೊಂದು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಆಗಿದ್ದಿಲ್ಲ. ವಾದ್ಯ ಈಗ ನಿಜಕ್ಕೂ ಕೆಟ್ಟಿತ್ತು.

ಆ ಸಂತೋಷ ಅರ್ಧ ಗಂಟೆ ಬಾಳಿತು. ಹೆಂಡತಿಯೂ ಮಾವನೂ ಅವನನ್ನು ಮುಂದಿಟ್ಟುಕೊಂಡು ಊರಿನಲ್ಲಿ ವಾದ್ಯ ರಿಪೇರಿ ಮಾಡುವ ಅಜ್ಜಿಯೊಬ್ಬಳ ಅಂಗಡಿಗೆ ಹೊರಟರು. ಅಜ್ಜಿ ಒಂದು ಕೊಕ್ಕೆ ಹಾಕಿ, ಮೂಗಿನಿಂದ ಬಟಾಣಿ ತೆಗೆದಷ್ಟು ಸಲೀಸಾಗಿ ಸೀರೆ ಎಳೆದಳು. ಅದು ಮಾವನ ಹೆಂಡತಿಯ ಸೀರೆ, ಹಳೆಯದೂ ಅಲ್ಲ ಎಂದು ಆಗ ತಿಳಿಯಿತು. ಆ ಬಗ್ಗೆ ಮಾತಾಡಲು ಮಾವನನ್ನು ಗುಮಾಸ್ತನ ಹೆಂಡತಿ ಹೊರಗೆ ಕರೆದುಕೊಂಡು ಹೋದಳು.

ಅಜ್ಜಿ ಕನ್ನಡಕ ಮೇಲೆ ತಳ್ಳಿ ಐದೂ ನೆಗ್ಗುಗಳ ಮೇಲೆ ಬೆರಳಾಡಿಸಿದಳು. "ಸಣ್ಣವು. ಸ್ವರಕ್ಕೆ ಏನೂ ಆಗಲ್ಲ. ತೆಗೆದ್ರೆ ಹಿತ್ತಾಳೆ ಸುಮ್ಮನೆ ಸವೆಯುತ್ತೆ. ಹೀಗೇ ಇರಲಿ ಬಿಡಪ್ಪ."

ಬೆಳಿಗ್ಗೆಯಿಂದ ಅವನು ಹುಡುಕುತ್ತಿದ್ದ ಮಾತು ಸಿಕ್ಕಿತ್ತು, ಆದರೆ ಬಾಲಕ್ಕೆ ಚೇಳಿನ ಕೊಂಡಿ ಕಟ್ಟಿಕೊಂಡು ಬಂದಿತ್ತು. ತೆಗೆಸಿದರೂ ಸತ್ತ, ನೆಗ್ಗಿನಿಂದ ಏನೂ ಆಗುವುದಿಲ್ಲ ಅಂದರೂ ಸತ್ತ.

"ಅಜ್ಜಿ, ಹೀಗೇ ಇರಲಿ ಅಂತ ಒಂದು ಚೀಟೀಲಿ ಬರ್ಕೊಡಿ. ಸ್ವರಕ್ಕೆ ಏನೂ ಆಗಲ್ಲ ಅನ್ನೋದು ಮಾತ್ರ ಬೇಡ."

"ಮತ್ತೇನು ಬರೀಲಿ?"

"ಸ್ವರ ಕೆಡ್ತಿರೋದು ನೆಗ್ಗಿಂದಲೇ, ಆದ್ರೆ ತೆಗೆಯೋಕೆ ಯಾರ ಕೈಲೂ ಆಗಲ್ಲ ಅಂತ."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಲವತ್ತು ವರ್ಷ ಆಯ್ತು ಈ ಕೆಲಸಕ್ಕೆ. ನೆಗ್ಗು ತೆಗೀರಿ ಅಂತ ಬಂದವರಿದ್ದಾರೆ, ದುಡ್ಡು ಕೇಳಿ ಓಡಿದವರಿದ್ದಾರೆ. ನೆಗ್ಗಿಗೆ ಸರ್ಟಿಫಿಕೇಟ್ ಕೇಳಿದೋನು ನೀನೊಬ್ಬನೇ. ಎಲ್ಲಿ, ಊದು."

ಊದಿದ. ಎಮ್ಮೆ ತಪ್ಪದೆ ಹಾಜರಾಯಿತು.

"ನೆಗ್ಗು ಇದರಲ್ಲಿಲ್ಲಪ್ಪ, ನಿನ್ನ ತುಟೀಲಿದೆ. ನಾಲ್ಕನೇದು ಬಂತು ಅಂತ ಹೆದರಿ ಬಿಗಿ ಹಿಡೀತೀಯ. ಅಷ್ಟು ಕೆಳಗಿನ ಸ್ವರಕ್ಕೆ ತುಟಿ ಸಡಿಲ ಬಿಡಬೇಕು. ನಿದ್ದೆ ಹೋದೋನ ಹಾಗೆ."

ಗುಮಾಸ್ತ ಪ್ರಯತ್ನಿಸಿದ. ಸಡಿಲ ಬಿಡಬೇಕು ಅಂತ ನೆನೆದಷ್ಟೂ ತುಟಿ ಹೊಸ ಚಪ್ಪಲಿಯಂತೆ ಬಿಗಿಯಾಯಿತು. ಅಷ್ಟರಲ್ಲಿ ಹೆಂಡತಿ ಒಳಗೆ ಬಂದಳು. ತೆಗೆಯುವ ಅಗತ್ಯವಿಲ್ಲ ಎಂದು ಅಜ್ಜಿ ಅವಳಿಗೂ ಹೇಳಿದಳು. ಹೆಂಡತಿ ಕೇಳಲಿಲ್ಲ.

"ತೆಗೆದುಬಿಡಿ ಅಜ್ಜಿ. ಹನ್ನೊಂದು ವರ್ಷ ಇವರೊಬ್ಬರ ಜೊತೆ ಅಲ್ಲ, ಆ ಐದು ನೆಗ್ಗುಗಳ ಜೊತೇನೂ ಸಂಸಾರ ಮಾಡಿದ್ದೀನಿ. ಅವಾದರೂ ಮನೆ ಬಿಟ್ಟು ಹೋಗಲಿ."

ಅಜ್ಜಿ ನಿಂಬೆಕಾಯಿ ಗಾತ್ರದ ಕಬ್ಬಿಣದ ಗುಂಡನ್ನು ಟ್ಯೂಬಾದ ಹೊಟ್ಟೆಗೆ ಬಿಟ್ಟು, ಹೊರಗಿನಿಂದ ದೊಡ್ಡ ಅಯಸ್ಕಾಂತ ಹಿಡಿದು ಎಳೆದಾಡಿದಳು. ಅಯಸ್ಕಾಂತ ಹೋದಲ್ಲಿ ಒಳಗಿನ ಗುಂಡೂ ಹೋಯಿತು. ಗುಂಡು ಹೋದಲ್ಲಿ ನೆಗ್ಗು ಉಬ್ಬಿ ಮಾಯವಾಯಿತು. ಒಂದು, ಎರಡು, ಮೂರು. ಐದನೆಯದು ಹೋಗುವಾಗ ಗುಮಾಸ್ತ ಮುಖ ತಿರುಗಿಸಿಕೊಂಡ. ಹತ್ತಿರದ ನೆಂಟರನ್ನು ಕಳೆದುಕೊಂಡವನ ಹಾಗೆ ಕಾಣುತ್ತಿದ್ದ.

ಸಂಜೆ ಐದಕ್ಕೆ ಅಂಗಳ ತುಂಬ ಜನ. ಮೊದಲ ಸಾಲಿನಲ್ಲಿ ಹೆಂಡತಿ, ಅವಳು ಬಲವಂತವಾಗಿ ಕರೆತಂದ ಅಜ್ಜಿ, ಯಾವುದೋ ಕಾರಣಕ್ಕೆ ಕೆನ್ನೆ ಕೆಂಪಗಾಗಿದ್ದ ಟಿಂಕರ್ ಮಾವ. ವೇದಿಕೆಯ ಪಕ್ಕದಲ್ಲಿ ಬಾಮೈದ ಆಗಲೇ ಕುರ್ಚಿಯ ಅಗಲವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ. ಟ್ಯೂಬಾ ಕನ್ನಡಿಯಾಗಿತ್ತು, ಅದರ ಹೊಟ್ಟೆಯಲ್ಲಿ ಗುಮಾಸ್ತನಿಗೆ ತನ್ನದೇ ಮುಖ ಕುಂಬಳಕಾಯಿಯಂತೆ ಕಂಡಿತು.

ಹಾಡು ಸಾಗಿತು. ಉಳಿದ ವಾದ್ಯಗಳು ಬಾಯಿ ಮುಚ್ಚಿದವು. ಮೊದಲ ಸ್ವರ, ಎರಡನೆಯದು, ಮೂರನೆಯದು. ಅಲ್ಲಿಗೆ ಗುಮಾಸ್ತ ಎಲ್ಲ ಆಸೆ ಬಿಟ್ಟ. ನೆಗ್ಗಿಲ್ಲ, ನೆಪವಿಲ್ಲ, ಕುರ್ಚಿ ಹೇಗೂ ಹೋಯಿತು, ಇನ್ನು ಏನಾದರೂ ಆಗಲಿ. ಹೆದರುವುದಕ್ಕೂ ಬೇಸರವಾಗಿ ಅವನ ಭುಜ ಇಳಿಯಿತು, ದವಡೆ ಇಳಿಯಿತು, ತುಟಿ ಜೋತುಬಿತ್ತು. ಆ ಜೋತುಬಿದ್ದ ತುಟಿಯಿಂದ ನಾಲ್ಕನೇ ಸ್ವರ ಹೊರಟಿತು. ದುಂಡಗೆ, ಆಳವಾಗಿ, ಬಾವಿಯ ತಳದಲ್ಲಿ ಯಾರೋ ದೊಡ್ಡವರು ನೆಮ್ಮದಿಯಾಗಿ ಹೂಂ ಅಂದ ಹಾಗೆ.

ಚಪ್ಪಾಳೆ ಕಾರ್ಖಾನೆಯ ತಗಡಿನ ಸೂರನ್ನು ನಡುಗಿಸಿತು. ಗುಮಾಸ್ತನ ಕಣ್ಣು ಒದ್ದೆಯಾಯಿತು. ತಾನು ಊದಿದ್ದು, ಬರೀ ತಾನು. ಎದ್ದು ನಿಂತ.

ಜನರೆಲ್ಲ ಅಜ್ಜಿಯ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದರು. ಮ್ಯಾನೇಜರು ಹಾರ ಹಿಡಿದು ಕೆಳಗಿಳಿದು ಬಂದು ಅವಳಿಗೆ ಹಾಕಿದ. ತುಟಿ ಇವನದೇ ಕಣಪ್ಪ ಎಂದು ಅಜ್ಜಿ ಮೂರು ಸಲ ಹೇಳಿದಳು. ಎಂಥ ವಿನಯ ಎಂದು ಎಲ್ಲರೂ ಮೆಚ್ಚಿದರು. ಮೊದಲೇ ತೆಗೆಸಿದ್ದರೆ ಇಷ್ಟು ವರ್ಷ ಮನೆಯಲ್ಲಿ ನೆಮ್ಮದಿ ಇರುತ್ತಿತ್ತು ಎಂದು ಹೆಂಡತಿ ಪಕ್ಕದವರಿಗೆ ಹೇಳುತ್ತಿದ್ದಳು.

ಗುಮಾಸ್ತ ಜನರ ನಡುವೆ ನುಗ್ಗಿ ಮ್ಯಾನೇಜರನ ಮುಂದೆ ನಿಂತ. "ಸಾರ್, ಅದು ನೆಗ್ಗಿಂದಲ್ಲ ಸಾರ್. ಊದಿದ್ದು ನಾನು."

"ದೊಡ್ಡ ಮನಸ್ಸು ನಿಮ್ದು," ಅಂದ ಮ್ಯಾನೇಜರು ಅವನ ಬೆನ್ನು ತಟ್ಟುತ್ತ. "ಹನ್ನೊಂದು ವರ್ಷ ನೆಗ್ಗು ನೆಗ್ಗು ಅಂತ ಹೇಳಿದ್ರಿ, ಯಾರೂ ಕೇಳಲಿಲ್ಲ. ಈಗ ಸಾಬೀತಾಯ್ತಲ್ಲ. ವಾದ್ಯ ಇಷ್ಟು ಸರಿ ಇದ್ರೆ ಇನ್ನು ಯಾರು ಊದಿದ್ರೂ ಬರುತ್ತೆ. ನಾಳೆಯಿಂದ ನಮ್ಮ ಬಾಮೈದ ಊದಲಿ."

"ಮತ್ತೆ ನಾನು, ಸಾರ್?"

ಮ್ಯಾನೇಜರು ಅದನ್ನೂ ಯೋಚಿಸಿದ್ದ. ಉಗ್ರಾಣದಲ್ಲಿ ಬ್ಯಾಂಡಿನದೇ ಒಂದು ಹಿತ್ತಾಳೆ ಹಾರ್ನ್ ಇತ್ತು. ಮೇಲೆ ಕಪಾಟು ಬಿದ್ದು ಅಪ್ಪಚ್ಚಿಯಾದ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೆಟ್ಟ ವಾದ್ಯ ಸಂಭಾಳಿಸುವುದರಲ್ಲಿ ಇವರಷ್ಟು ಅನುಭವ ಇನ್ಯಾರಿಗಿದೆ ಎಂದು ಅದನ್ನು ತರಿಸಿ, ಎಲ್ಲರೆದುರು ಗುಮಾಸ್ತನ ಕೈಗಿಟ್ಟ. ಅದಕ್ಕೂ ಚಪ್ಪಾಳೆ ಬಿತ್ತು. ಗುಮಾಸ್ತ ಹಾರ್ನನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಊದುವ ತುದಿ ಯಾವುದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಬ್ಯಾಂಡ್ ಮೇಷ್ಟ್ರು ಮಾತ್ರ, ಕೊಟ್ಟ ಮಾತು ಉಳಿಯಿತು, ಸ್ವರ ಗಾಜಿನ ಹಾಗೆ ಬಂತು ಎಂದು ಕೋಲು ಕಂಕುಳಲ್ಲಿಟ್ಟು ಹಾಯಾಗಿ ಮನೆಗೆ ನಡೆದರು.