ಕಣ್ಣು ಬರೆಯದ ಕಲಾವಿದರು

ನಮ್ಮ ಭಾವ ದೊಡ್ಡ ಕಲಾವಿದರು. ಇದು ನನ್ನ ಅಭಿಪ್ರಾಯವಲ್ಲ, ಅವರದೇ! ನನ್ನನ್ನು ಕೇಳಿದರೆ, ಕಣ್ಣೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಬರೆಯಬಲ್ಲ ಚಿತ್ರಗಾರರು ಇಡೀ ತಿ. ನರಸೀಪುರದಲ್ಲಿ ಅವರೊಬ್ಬರೇ. ಮೂಗು ಬರೆಯುತ್ತಾರೆ, ಮೂಗುತಿಯ ಹರಳಿನ ಹೊಳಪನ್ನೂ ಬರೆಯುತ್ತಾರೆ. ಹುಬ್ಬಿನ ಕೂದಲನ್ನು ಒಂದೊಂದಾಗಿ ಎಳೆಯುತ್ತಾರೆ. ಹುಬ್ಬಿನ ಕೆಳಗೆ ಬಂದರೆ ಮಾತ್ರ ಬ್ರಷ್ಷು ಪಕ್ಕಕ್ಕಿಟ್ಟು, "ಒಂದ್ ಲೋಟ ಕಾಫಿ ಕೊಡೇ" ಎಂದು ನಮ್ಮ ಅಕ್ಕನನ್ನು ಕೂಗುತ್ತಾರೆ. ಆ ಕಾಫಿ ಕುಡಿದು ಮುಗಿಸಲು ಅವರಿಗೆ ವರ್ಷಗಟ್ಟಲೆ ಬೇಕು.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಈಗ ರಿಟೈರಾಗಿದ್ದಾರೆ. ಇಡೀ ಸರ್ವಿಸ್ಸಿನಲ್ಲಿ ಈ ಗುಟ್ಟನ್ನು ಹೇಗೆ ಕಾಪಾಡಿಕೊಂಡರು ಎನ್ನುತ್ತೀರಾ? ಆ ವಿಷಯದಲ್ಲಿ ಮಾತ್ರ ಅವರು ನಿಜವಾದ ಕಲಾವಿದರು. ಅವರ ಚಿತ್ರಗಳಲ್ಲಿ ರೈತ ನಮಗೆ ಬೆನ್ನು ಹಾಕಿಕೊಂಡು ಉಳುತ್ತಾನೆ. ಹಸು ಹುಲ್ಲಿನ ಮೆದೆಯೊಳಗೆ ಮುಖ ತೂರಿಸಿರುತ್ತದೆ. ತಾಯಿ ಮಗುವಿನ ಮೇಲೆ ಬಾಗಿರುತ್ತಾಳೆ, ಮಗು ನಿದ್ದೆ ಮಾಡುತ್ತಿರುತ್ತದೆ. ಬುದ್ಧನ ಚಿತ್ರ ಬೇಕೆಂದು ಸುತ್ತಲಿನ ಹಳ್ಳಿಗಳಿಂದ ಯಾರಾದರೂ ಬಂದರೆ ಸಾಕು, ಗೇಟಿನವರೆಗೆ ಓಡಿಹೋಗಿ ಕರೆತಂದು ಕೂರಿಸುತ್ತಾರೆ. ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತ ಆ ಮಹಾತ್ಮನಷ್ಟು ಉಪಕಾರವನ್ನು ಅವರಿಗೆ ಬಂಧುಬಳಗದವರೂ ಮಾಡಿಲ್ಲ.

ಒಮ್ಮೆ ಬಿಳಿಗೆರೆ ಕಡೆಯ ಯಜಮಾನರೊಬ್ಬರು ಮಗ ಸೊಸೆಯ ಮದುವೆ ಫೋಟೊ ತಂದುಕೊಟ್ಟು, ಇದನ್ನೇ ದೊಡ್ಡದಾಗಿ ಬರೆದುಕೊಡಿ ಎಂದರು. ಭಾವ ಸೊಸೆಯ ತಲೆಯನ್ನು ನಾಚಿಕೆಯಿಂದ ತಗ್ಗಿಸಿದರು. ಸರಿ, ಮಗನಿಗೇನು ಮಾಡುವುದು? ಗಂಡು ಅಷ್ಟೆಲ್ಲ ನಾಚುವಂತಿಲ್ಲವಲ್ಲ! ಕಪ್ಪು ಕನ್ನಡಕ ಹಾಕಿಬಿಟ್ಟರು. ಪೇಟ, ಬಾಸಿಂಗ, ಕೆಳಗೆ ಕಪ್ಪು ಕನ್ನಡಕ! ಯಜಮಾನರು ಬಹಳ ಹೊತ್ತು ನೋಡಿ, "ಎಲ್ಲಾ ಚೆಂದಾಗದೆ ಸಾ. ಆದ್ರೆ ನಮ್ಮುಡ್ಗ ಕಣ್ಣಿನ್ ಪೊರೆ ತೆಗುಸ್ಕಂಡು ಆಸ್ಪತ್ರೆಯಿಂದ ಸೀದಾ ಮಂಟಪಕ್ಕೆ ಬಂದಂಗವ್ನೆ" ಎಂದರು. ಚಿತ್ರ ಇಂದಿಗೂ ಭಾವನ ಅಟ್ಟದ ಮೇಲಿದೆ.

ಯಾಕೆ ಹೀಗೆ ಎಂದರೆ ಮೂಡ್ ಬರಬೇಕು ಎನ್ನುತ್ತಾರೆ. ಮೂಡ್ ಹುಡುಕಿಕೊಂಡು ಸುತ್ತೂರಿನ ಮೇಲೆ ಬರುವ ಬಸ್ಸು ಹತ್ತಿ ನಂಜನಗೂಡಿಗೆ, ಅಂದರೆ ನಮ್ಮ ಮನೆಗೆ, ಬಂದಿಳಿಯುತ್ತಾರೆ. ನದಿಗಳು ಕೂಡುವ ಅವರದೇ ಊರಿನಲ್ಲಿ ಸಿಗದ ಸ್ಫೂರ್ತಿ ನಮ್ಮೂರಿನ ಹೊಳೆಯ ಮೆಟ್ಟಿಲ ಮೇಲೆ ಸಿಗುತ್ತದಂತೆ! ಹೋಗಿ ಕೂರುತ್ತಾರೆ. ಊಟದ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತಾರೆ, ಕೈಯಲ್ಲೊಂದು ರಸಬಾಳೆಯ ಚಿಪ್ಪು.

"ಹೊಳೆ ಏನಂತು ಭಾವ?" ಎಂದೆ ಒಂದು ಸಲ.

"ನೀರು ಸ್ವಲ್ಪ ಕದಡಿತ್ತು ಕಣಮ್ಮ. ನಾಳೆಗೆ ತಿಳಿಯಾಗಬಹುದು."

ಅಂದರೆ ನಾಳೆಯೂ ಊಟ ನಮ್ಮಲ್ಲೇ ಎಂದಾಯಿತು.

ಇದನ್ನೆಲ್ಲ ಬೇಕಾದರೆ ಸಹಿಸಿಕೊಳ್ಳಬಹುದು. ನನಗೆ ಮೈ ಉರಿಯುತ್ತಿದ್ದುದು ಅಕ್ಕನ ಚಿತ್ರದ ವಿಷಯಕ್ಕೆ. ಮದುವೆಯಾದ ಹೊಸದರಲ್ಲಿ ಶುರು ಮಾಡಿದ್ದು ಅದು. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ, ಗಲ್ಲದ ಮಚ್ಚೆ, ಎಲ್ಲ ಇದೆ. ಕಣ್ಣಿರಬೇಕಾದ ಕಡೆ ಎರಡು ಬಿಳಿ ತೇಪೆ. ಒಳಗಾದರೂ ಇಟ್ಟರೇ? ಎದುರಿಗಿದ್ದರೆ ಎಂದಾದರೂ ಮೂಡ್ ಬಂದೀತೆಂದು ನಡುಮನೆಯಲ್ಲೇ ನೇತುಹಾಕಿದರು. ನೆಂಟರ ಮಕ್ಕಳು ಅದನ್ನು ನೋಡಿ ಕಿಟಾರನೆ ಕಿರುಚಿ ತಾಯಿಯ ಸೆರಗು ಹಿಡಿಯುತ್ತಿದ್ದವು. ಅಕ್ಕನ ತಲೆ ನರೆಯಿತು, ಮಂಡಿ ನೋವು ಬಂತು. ಚಿತ್ರಕ್ಕೆ ಕಣ್ಣು ಬರಲಿಲ್ಲ.

ಅಕ್ಕ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಒಂದು ದಿನ ಬೇಳೆ ಆರಿಸುತ್ತಾ ಮೆಲ್ಲಗೆ ಹೇಳಿದಳು: "ನಾನೇನು ಚೆಂದ ಕಾಣ್ಬೇಕು ಅಂತಿಲ್ಲ ಕಣೇ. ಇಷ್ಟು ವರ್ಷ ಜೊತೇಲಿದ್ದು ಇವ್ರು ನನ್ನನ್ನ ಸರಿಯಾಗಿ ನೋಡಿದ್ದಾರೋ ಇಲ್ವೋ, ಅದೊಂದು ಗೊತ್ತಾದ್ರೆ ಸಾಕು."

ಕಾರಣವನ್ನೂ ಆಗಲೇ ಹೇಳಿದಳು. ಭಾವ ಇನ್ನೂ ಹುಡುಗರಾಗಿದ್ದಾಗ, ತೀರಿಕೊಂಡ ತಾಯಿಯ ಚಿತ್ರ ಬರೆದು ತಿಥಿಯ ದಿನ ಅವರಪ್ಪನ ಮುಂದೆ ಹಿಡಿದರಂತೆ. ಅಪ್ಪ ಆ ಕಣ್ಣುಗಳನ್ನೇ ನೋಡಿ, "ಯಾರ್ಲಾ ಇವ್ಳು?" ಎಂದವರು ಎದ್ದು ಹೊರಗೆ ಹೋದರಂತೆ. ಅಷ್ಟೇ. ಅಂದಿನಿಂದ ಹುಬ್ಬಿನ ಕೆಳಗೆ ಕೈ ಇಳಿದಿಲ್ಲ.

ಇದನ್ನು ಕೇಳಿ ನನ್ನ ಕರುಳು ಚುರುಕ್ ಎಂದಿರಬೇಕು ಎಂದುಕೊಂಡಿರಾ? ಎಳ್ಳಷ್ಟೂ ಇಲ್ಲ! ಅವರಪ್ಪ ಆಡಿದ ಮಾತಿಗೆ ನಮ್ಮಕ್ಕ ಯಾಕೆ ಗೋಡೆಯ ಮೇಲೆ ಕುರುಡಿಯಾಗಿ ನಿಲ್ಲಬೇಕು?

ಹೀಗಿರುವಾಗ ಅಕ್ಕನ ಎದುರುಮನೆಯ ಪುಟ್ಟತಾಯಮ್ಮ ಮೇಲಂತಸ್ತು ಕಟ್ಟಿಸಲು ಹೊರಟರು. ಕಟ್ಟುವ ಮನೆಗೆ ಕೆಟ್ಟ ದೃಷ್ಟಿ ತಾಗದಿರಲೆಂದು ರಾಕ್ಷಸನ ಮುಖ ಬರೆದ ಬೂದುಗುಂಬಳಕಾಯಿ ನೇತುಹಾಕುವುದುಂಟಲ್ಲ? ಆಕೆ ಒಂದು ಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಭಾವನ ಮಡಿಲಿಗೆ ಹಾಕಿದರು.

"ಮೇಷ್ಟ್ರೇ, ಇದ್ಕೊಂದು ಮಕ ಬರ್ಕೊಡಿ."

"ಕಣ್ಣು ನನ್ನ ಕೈಲಿ ಆಗಲ್ಲ ಪುಟ್ಟತಾಯಮ್ಮ."

"ಗೊತ್ತು ಬುಡಿ, ಇಡೀ ಬೀದಿಗೇ ಗೊತ್ತು. ಚೆಂದಾಗ್ ಬರೀರಿ ಅಂತ ಯಾರೇಳುದ್ರು? ಸೊಟ್ಟಗಾದಷ್ಟೂ ಒಳ್ಳೇದೆಯಾ. ನೋಡ್ದೋರು ಎದ್ರುಕಂಡು ಓಗ್ಬೇಕು."

ಕೆಡಲು ಸಾಧ್ಯವೇ ಇಲ್ಲದ ಕಣ್ಣು! ಭಾವ ಬ್ರಷ್ಷು ಎತ್ತಿಕೊಂಡು ಬರೆದೇಬಿಟ್ಟರು. ಒಂದು ಕಣ್ಣು ತಟ್ಟೆ ಇಡ್ಲಿಯಷ್ಟಾಯಿತು, ಇನ್ನೊಂದು ಕಿವಿಯ ಹತ್ತಿರಕ್ಕೆ ಹೋಯಿತು. ಪುಟ್ಟತಾಯಮ್ಮ ಅದನ್ನು ಬೀದಿಗೆಲ್ಲ ತೋರಿಸಿ, "ಇಂಗಿರ್ಬೇಕು ನೋಡಿ ಕಣ್ಣು ಅಂದ್ರೆ" ಎಂದರು. ಮಾರನೆಯ ದಿನದಿಂದ ಬೀದಿಯವರೆಲ್ಲ ಒಂದೊಂದು ಕಾಯಿ ಹಿಡಿದುಕೊಂಡು ಬಂದರು. ಮನೆ ಕಟ್ಟಿಸುವವರು ಬಂದರು, ಕಟ್ಟಿಸದವರೂ ಬಂದರು. ಒಬ್ಬರಿಗೆ ಕೊಟ್ಟಿಗೆಗೆ, ಒಬ್ಬರಿಗೆ ಅಂಗಡಿಗೆ, ಇನ್ನೊಬ್ಬರಿಗೆ ಬದನೆ ಪಾತಿಗೆ. ಮುಡುಕುತೊರೆಯಿಂದಲೂ ಒಬ್ಬರು ಬಂದರಂತೆ. ಪೇಂಟು ಮೆತ್ತದೆ ಉಳಿದ ಕಾಯಿಗಳಲ್ಲಿ ಅಕ್ಕ ಮಜ್ಜಿಗೆಹುಳಿ ಮಾಡಿ ಬೀದಿಗೆಲ್ಲ ಹಂಚಿದಳು. "ಅಂತೂ ಮಹಾಕಲಾವಿದರು ತರಕಾರಿಗೆ ಇಳಿದರು ಅನ್ನು" ಎಂದು ನಾನು ಫೋನಿನಲ್ಲಿ ನಕ್ಕೆ. ಅಕ್ಕ ನಗಲಿಲ್ಲ. "ಕಣ್ಣು ಬರೀತಿದ್ದಾರೆ ಕಣೇ" ಎಂದಳು.

ಮೇಲಂತಸ್ತಿಗೆ ತಾರಸಿ ಹಾಕುವ ಹೊತ್ತಿಗೆ ಹಳೆಯ ಕಾಯಿ ಕೊಳೆತಿತ್ತು. ಹೊಸದನ್ನು ಬರೆಸಿಕೊಂಡು ಹೋದ ಪುಟ್ಟತಾಯಮ್ಮ ನಿಂತ ಕಾಲಲ್ಲೇ ವಾಪಸು ಬಂದರು.

"ಇದಾಗಾಕಿಲ್ಲ ಮೇಷ್ಟ್ರೇ."

"ಯಾಕೆ, ಕೋರೆಹಲ್ಲು ಸಣ್ಣದಾಯ್ತೇ?"

"ಅಲ್ಲೆಲ್ಲಾ ಸರಿಯಾಗದೆ. ಕಣ್ಣು ನಿಮ್ಮನೆಯವ್ರುದ್ದು. ಅವ್ರುನ್ನ ತಕ್ಕೊಂಡೋಗಿ ನಾನು ತಾರ್ಸಿಗೆ ನೇತಾಕಾಕಾದದಾ?"

ಬೀದಿಯವರು ಬಂದು ನೋಡಿದರು. ಹೌದು! ಕೆಂಪು ನಾಲಿಗೆ, ಹುರಿಮೀಸೆ, ಅದರ ಮೇಲೆ ಅಕ್ಕನ ಕಣ್ಣು. ಎಡಗಣ್ಣು ಬಲಗಣ್ಣಿಗಿಂತ ಒಂದು ಎಳೆ ಕಿರಿದು. "ಊಟ ಬ್ಯಾಡ ಅಂದ್ರೆ ಅಕ್ಕೋರು ಇಂಗೇಯ ನೋಡೋದು" ಎಂದರು ಪಕ್ಕದ ಮನೆಯವರು. ಬರೆದವರಿಗೇ ಅದು ಗೊತ್ತಿರಲಿಲ್ಲ. ಅವರು ರಾಕ್ಷಸನನ್ನು ಬರೆದಿದ್ದೇನೆಂದೇ ನಂಬಿದ್ದರು. ಪುಟ್ಟತಾಯಮ್ಮ ನಡುಮನೆಯ ಚಿತ್ರವನ್ನು ಗೋಡೆಯಿಂದ ಇಳಿಸಿ ಭಾವನ ಮುಂದಿಟ್ಟರು.

"ಈಗ ಇದ್ಕೂ ಬರೀರಿ. ನಾವೆಲ್ಲಾ ಇಲ್ಲೇ ಕುಂತಿರ್ತೀವಿ. ಕೆಟ್ರೆ ಇದ್ನೇ ತಾರ್ಸಿಗೆ ಕಟ್ಟುದ್ರಾಯ್ತು, ಅದ್ಕೇನಂತೆ."

ಎಲ್ಲರೂ ಚಾಪೆ ಹಾಸಿಕೊಂಡು ಕುಳಿತರಂತೆ. ಯಾರೂ ಚಿತ್ರದ ಮಾತೆತ್ತಲಿಲ್ಲವಂತೆ, ಸಿಮೆಂಟು, ಮರಳು, ಮೊಮ್ಮಕ್ಕಳ ಸ್ಕೂಲು ಎಂದು ಮಾತಾಡುತ್ತಲೇ ಇದ್ದರಂತೆ. ಭಾವ ಕಾಫಿ ಕೇಳಲಿಲ್ಲವಂತೆ.

ಮುಗಿಯಿತು, ಬಾ ಎಂದು ಅಕ್ಕ ಕರೆದಳು. ಬಸ್ಸು ಸುತ್ತೂರು ದಾಟುವಷ್ಟರಲ್ಲಿ ನಾನು ಒಳ್ಳೊಳ್ಳೆಯ ಚುಚ್ಚುಮಾತುಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಇಷ್ಟು ವರ್ಷದ ಲೆಕ್ಕ ಇವತ್ತು ತೀರಿಸದಿದ್ದರೆ ನಾನು ನಾದಿನಿಯೇ?

ನಡುಮನೆಯಲ್ಲಿ ಬೀದಿಯವರೆಲ್ಲ ನಿಂತಿದ್ದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಭಾವ ಅಡುಗೆಮನೆಯ ಬಾಗಿಲ ಹಿಂದೆ ಅಡಗಿದ್ದರು. ಬೀದಿಯೆಲ್ಲ ಚೆನ್ನಾಗಿದೆ ಎಂದರೂ ಅವರು ಹೊರಗೆ ಬಂದಿರಲಿಲ್ಲ.

"ನೀನು ಹೇಳಮ್ಮ" ಎಂದರು ಅಲ್ಲಿಂದಲೇ. "ಯಾರಿದು?"

ನೋಡಿದೆ. ಮುಖ ಮದುವೆಯ ಹೊಸದರದು. ಕಣ್ಣು ಆಗಿನದಲ್ಲ, ಈಗಿನದು. ಸುಸ್ತಾಗಿತ್ತು, ಆದರೂ ಎಲ್ಲರ ಊಟ ಆಯಿತೇ ಎಂದು ವಿಚಾರಿಸುತ್ತಿತ್ತು. ಅಮ್ಮ ಹೋದ ಮೇಲೆ ನನಗೆ ಬಡಿಸಿ, ತಾನು ಉಣ್ಣದೆ, ನನ್ನ ತಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದ ಕಣ್ಣು ಅದು. ಅದನ್ನು ನನ್ನಂತೆಯೇ ಇನ್ನೊಬ್ಬರೂ ನೋಡಿಟ್ಟುಕೊಂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ಅಲ್ಲೇ ಬಿಟ್ಟು ಅಡುಗೆಮನೆಯ ಬಾಗಿಲ ಕಡೆ ತಿರುಗಿದೆ.

"ನಮ್ಮಕ್ಕ" ಎಂದೆ.