ವಾಚ್ ಹುಚ್ಚಿನವರ ನಡುವೆ

ಫೋನಿನಲ್ಲೇ ಟೈಮ್ ಕಾಣುವ ಈ ಕಾಲದಲ್ಲಿ ಜನ ಇನ್ನೂ ವಾಚ್ ಕೂಡಿಡುವುದು ಯಾಕೆ? ದುಬೈಯ ವಾಚ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ನನಗೆ ಇದೇ ಕುತೂಹಲ. ನಮ್ಮಲ್ಲಿ ದುಬಾರಿ ಹೊಸ ವಾಚೂ ಉಂಟು, ಅಜ್ಜಂದಿರ ಕಾಲದ ಹಳೆಯದೂ ಉಂಟು. ಬಂದವರನ್ನು ಮೆಲ್ಲ ಕೇಳಿನೋಡುತ್ತೇನೆ. ನೇರ ಉತ್ತರ ಯಾರೂ ಕೊಡುವುದಿಲ್ಲ. ಬದಲಿಗೆ ಇಂಥದ್ದೇನಾದರೂ ನಡೆದುಬಿಡುತ್ತದೆ.

ಆಳ ಸಮುದ್ರದ ವಾಚ್

ಬೆಂಗಳೂರಿನ ಐಟಿ ಸಾಹೇಬರೊಬ್ಬರು ಪುಟ್ಟ ಮಗಳ ಜೊತೆ ಬಂದರು. ಸಮುದ್ರದಾಳಕ್ಕೆ ಇಳಿಯುವವರು ಕಟ್ಟುವ ವಾಚೇ ಬೇಕಂತೆ. ಎಷ್ಟು ಆಳದವರೆಗೆ ತಡೆಯುತ್ತದೆ, ಉಪ್ಪುನೀರಿಗೆ ಏನಾಗುತ್ತದೆ, ಕತ್ತಲಲ್ಲಿ ಮುಳ್ಳು ಕಾಣುತ್ತದಾ, ಎಲ್ಲ ಕೆದಕಿ ಕೆದಕಿ ಕೇಳಿದರು. ನನಗೂ ಉಮೇದು ಬಂತು.

“ಡೈವಿಂಗ್‌ಗೆ ಎಲ್ಲಿಗೆ ಹೋಗ್ತೀರಿ ಸರ್?”

ಅವರು ಬಾಯಿ ತೆರೆಯುವ ಮೊದಲೇ ಮಗಳು, “ನೋ ಅಂಕಲ್! ಅಪ್ಪ ಕಾಂಟ್ ಈವನ್ ಸ್ವಿಮ್!” ಎಂದಳು.

ಸಾಹೇಬರು ಚೂರೂ ಅಳುಕಲಿಲ್ಲ. “ಅದಕ್ಕೇ ರೀ ಇಂಥದ್ದು ಬೇಕಾಗಿರೋದು. ನಾನು ಮುಳುಗಿದ್ರೂ ವಾಚಾದ್ರೂ ಉಳೀಲಿ.”

ಹುಟ್ಟುಹಬ್ಬದ ಉಡುಗೊರೆ

ದುಬೈಯ ಕರಾಮ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರಿಗೆ ಹಳೆಯ ವಾಚುಗಳ ಹುಚ್ಚು. ಆ ಲೋಕದಲ್ಲಿ ಡಯಲ್ ಮಾಸಿದಷ್ಟೂ ಗೌರವ. ವರ್ಷಗಟ್ಟಲೆ ಹುಡುಕಿ ಒಂದನ್ನು ತಂದಿದ್ದರು. ಅದರ ಕಪ್ಪು ಡಯಲ್ ಬಿಸಿಲು ತಿಂದು ತಿಂದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. “ಈ ಬಣ್ಣ ಮಾಡಿಸಿದರೆ ಬರುವುದಲ್ಲ” ಎಂದು ಸಂಜೆ ಸಂಜೆ ಕರೆದು ತೋರಿಸುತ್ತಿದ್ದರು.

ಒಂದು ದಿನ ಅವರ ಹೆಂಡತಿ ಲಿಫ್ಟಿನಲ್ಲಿ ಸಿಕ್ಕರು. ಮುಖ ಅರಳಿತ್ತು.

“ಇವರ ಬರ್ತ್‌ಡೇಗೆ ಸರ್‌ಪ್ರೈಸ್ ಕೊಟ್ಟೆ. ಪಾಪ, ಆ ಕೊಳಕು ವಾಚನ್ನೇ ನೋಡ್ತಾ ಕೂತಿರ್ತಾರಲ್ಲ? ನೈಫ್ ಬಜಾರಿಗೆ ಹೋಗಿ ಪಾಲಿಶ್ ಮಾಡಿಸಿ, ಡಯಲ್‌ಗೆ ಹೊಸ ಬಣ್ಣ ಹೊಡೆಸಿದೆ. ಈಗ ಫಳಫಳ!”

ಮೆಲ್ಲ ಕೇಳಿದೆ: “ಅವರು ಎಂತ ಹೇಳಿದ್ರು?”

“ಎಂತ ಹೇಳೋದು! ಖುಷಿಗೆ ಮಾತೇ ಹೊರಡ್ಲಿಲ್ಲ. ಅತ್ತೇಬಿಟ್ರು.”

ತಿರುಗುವ ಪೆಟ್ಟಿಗೆ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಗಿರಾಕಿಯೊಬ್ಬರಿದ್ದಾರೆ, ಮಂಗಳೂರಿನವರು. ಅವರದ್ದೆಲ್ಲ ಕೈಯ ಅಲುಗಾಟಕ್ಕೇ ಓಡುವ ವಾಚುಗಳು. ಕಟ್ಟದೆ ಇಟ್ಟರೆ ನಿಂತುಹೋಗುತ್ತವೆ. ಅದಕ್ಕೆಂದೇ, ವಾಚುಗಳನ್ನು ಕರೆಂಟಿನಲ್ಲಿ ಮೆಲ್ಲ ತಿರುಗಿಸುತ್ತಿರುವ ಗಾಜಿನ ಪೆಟ್ಟಿಗೆಯೊಂದನ್ನು ನಮ್ಮಿಂದ ಒಯ್ದಿದ್ದರು. ಒಂದು ದಿನ ಅವರ ಫೋನ್.

“ಎಂತ ಮಾರಾಯ್ರೆ, ಎಲ್ಲ ವಾಚೂ ನಿಲ್ತಾ ಉಂಟು!”

ಬಸ್ ಹಿಡಿದು ಹೋದೆ. ಪೆಟ್ಟಿಗೆ ಸರಿಯೇ ಇತ್ತು. ಪ್ಲಗ್ ಮಾತ್ರ ಕಿತ್ತಿತ್ತು. ಊರಿಂದ ಬಂದಿದ್ದ ಅವರ ತಾಯಿ ಅಡುಗೆಮನೆಯಿಂದಲೇ ಹೇಳಿದರು: “ನಾನೇ ತೆಗೆದದ್ದು. ಹೋಟೆಲಲ್ಲಿ ಕೋಳಿ ಸುಡುವ ಪೆಟ್ಟಿಗೆ ಹಾಗೆ ತಿರುಗ್ತಾ ಉಂಟು, ಒಳಗೆ ನೋಡಿದ್ರೆ ಕೋಳಿಯೇ ಇಲ್ಲ, ಬರೀ ವಾಚು!”

ಮಗ ಹಣೆ ಚಚ್ಚಿಕೊಂಡರು. ಕೈ ಅಲುಗಿದರೆ ಮಾತ್ರ ಇವು ಓಡುವುದೆಂದು ತಾಯಿಗೆ ಬಿಡಿಸಿ ಹೇಳಿದರು. ತಾಯಿ ಪೂರ್ತಿ ಕೇಳಿ, ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು ಮುಂದೆ ಚಾಚಿದರು.

“ಅಷ್ಟೇಯಾ? ಅದಕ್ಕೆ ಕರೆಂಟ್ ಎಂತಕ್ಕೆ? ಇಲ್ಲಿ ಕಟ್ಟು ಎಲ್ಲ.”

ಮುಂದೆ ಏನಾಯಿತೋ ಎಂಬ ಕುತೂಹಲ ತಡೆಯಲಾರದೆ ಮರುವಾರ ನಾನೇ ಫೋನ್ ಮಾಡಿದೆ.

“ಒಂದೂ ನಿಂತಿಲ್ಲ ಮಾರಾಯ್ರೆ,” ಎಂದರು. ಹಿಂದೆ ಲಟ್ಟಣಿಗೆಯ ಸದ್ದು ಕೇಳುತ್ತಿತ್ತು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಆದ್ರೆ ಮನೇಲಿ ಮೂರು ಹೊತ್ತೂ ಚಪಾತಿ.”